ಸುಕ್ಕು ಬೀಳದ ಖಾಕಿ: ಒಂದು ವರ್ಷ ತೊಟ್ಟ ಮೇಲೆ

ಬಣ್ಣ ಇನ್ನೂ ಹೊಸದರ ಹಾಗೇ ಇದೆ. ಹೊಲಿಗೆ ಎಲ್ಲೂ ಬಿಟ್ಟಿಲ್ಲ. ಆದರೆ ಎರಡೂ ಶರ್ಟುಗಳು ಕಂಕುಳ ಹಿಂದೆ ಬಟ್ಟೆಯೇ ಹರಿದು ಮೂಲೆ ಸೇರಿದವು.

ನಾನು ಖಾಸಗಿ ಬಸ್ಸಿನ ಕಂಡಕ್ಟರ್. ದಿನವಿಡೀ ಒಂದು ಕೈ ಮೇಲಿನ ಕಂಬಿಯಲ್ಲೇ ಇರುತ್ತದೆ. ಪೂರಾ ಹತ್ತಿಯ, ಸುಕ್ಕು ಬೀಳದ ಖಾಕಿ ಎಂದು ಮೀಟರಿಗೆ ಜಾಸ್ತಿ ದುಡ್ಡು ಕೊಟ್ಟು ತಂದಿದ್ದೆ. ಮೊದಲ ಆರು ತಿಂಗಳು ಕೊಟ್ಟ ದುಡ್ಡು ಸಾರ್ಥಕ ಅನಿಸಿತ್ತು. ರಾತ್ರಿ ಬಂದು ಒಗೆದು, ಹಿಂಡದೆ ಜೋರಾಗಿ ಕೊಡವಿ, ಹ್ಯಾಂಗರಿಗೆ ಹಾಕಿ ಮೇಲಿನ ಗುಂಡಿ ಹಾಕುವುದು. ಕಾಲರನ್ನೂ ಜೇಬಿನ ಮುಚ್ಚಳವನ್ನೂ ಒದ್ದೆ ಇರುವಾಗಲೇ ಬೆರಳಲ್ಲಿ ನೀವುವುದು. ಅಷ್ಟೇ. ಬೆಳಿಗ್ಗೆ ಐದಕ್ಕೆ ಇಸ್ತ್ರಿ ಪೆಟ್ಟಿಗೆ ಮುಟ್ಟದೆ ಹೊರಡಬಹುದಿತ್ತು.

ಆಮೇಲೆ ಬ್ಯಾಗಿನ ಪಟ್ಟಿ ಉಜ್ಜುವ ಭುಜ ತೆಳುವಾಯಿತು. ಒಂದು ದಿನ ಕಂಬಿ ಹಿಡಿಯಲು ಕೈ ಎತ್ತಿದರೆ ಚರ್ ಎಂದಿತು. ಹರಿದ ಅಂಚು ನೋಡಿದರೆ ಎಳೆಗಳು ಎಳೆದಾಡಿಕೊಂಡ ಗುರುತೇ ಇಲ್ಲ. ಕಾಗದ ಹರಿದ ಹಾಗೆ ನೇರ ಗೆರೆ.

ಈರೋಡಿನಲ್ಲಿ ಬಟ್ಟೆ ಪ್ರೊಸೆಸಿಂಗ್ ಕೆಲಸದಲ್ಲಿರುವ ನಮ್ಮ ಭಾವ ಹಬ್ಬಕ್ಕೆ ಬಂದಾಗ ತೋರಿಸಿದೆ. ನೋಡಿದ ತಕ್ಷಣ "ಇದು ರೆಸಿನ್ ಕೆಲಸ" ಅಂದರು. ರೆಸಿನ್ ಅಂದರೆ ಸುಕ್ಕು ಬೀಳದಂತೆ ಬಟ್ಟೆಗೆ ಹಾಕುವ ರಾಸಾಯನಿಕ. ಹತ್ತಿಯೊಳಗಿನ ಅಣುಗಳು ಜರುಗಿ ಅಲ್ಲೇ ನಿಂತುಬಿಡುವುದರಿಂದ ಸುಕ್ಕು ಬೀಳುತ್ತದೆ. ಅವು ಜರುಗದಂತೆ ಬಟ್ಟೆಯನ್ನು ರೆಸಿನ್‌ನಲ್ಲಿ ಅದ್ದಿ, ಸುಮಾರು 150 ಡಿಗ್ರಿ ಶಾಖದಲ್ಲಿ ಹದ ಮಾಡಿ ಒಂದಕ್ಕೊಂದು ಕಟ್ಟಿಹಾಕುತ್ತಾರೆ. ಸುಕ್ಕೇನೋ ನಿಲ್ಲುತ್ತದೆ, ಆದರೆ ನಾರು ಪೆಡಸಾಗುತ್ತದೆ. ಜೊತೆಗೆ ಹಾಕುವ ಆಮ್ಲದ ಗುಣದ ರಾಸಾಯನಿಕವೂ ಹತ್ತಿಯನ್ನು ಸ್ವಲ್ಪ ತಿನ್ನುತ್ತದೆ. ಸಾದಾ ಬಟ್ಟೆ ಹರಿಯುವಾಗ ಹಾಸು ಹೊಕ್ಕಿನ ಎಳೆಗಳು ಸರಿದು ಗುಂಪಾಗಿ ಭಾರ ಹಂಚಿಕೊಳ್ಳುತ್ತವೆ. ಇಲ್ಲಿ ಸರಿಯುವುದು ಕಷ್ಟ, ಒಂದೊಂದೇ ಎಳೆ ಕಡಿಯುತ್ತಾ ಹೋಗುತ್ತದೆ. ಕೊನೆಗೆ ಬಟ್ಟೆ ಮೆತ್ತಗಾಗಿಸುವ ಸಾಫ್ಟ್‌ನರ್ ಸರಿಯಾಗಿ ಹಾಕಿದ್ದರೆ ಎಳೆ ಜಾರುತ್ತದೆ, ಇಷ್ಟು ಬೇಗ ಹರಿಯುವುದಿಲ್ಲವಂತೆ.

ನನಗೆ ಸಿಟ್ಟು ಬಂದಿದ್ದು ಇಲ್ಲೇ. ಅಂಗಡಿಯಲ್ಲಿ ಸುಕ್ಕು ಬೀಳಲ್ಲ ಎಂದು ಹತ್ತು ಸಲ ಹೇಳಿದರು. ಬಟ್ಟೆಯ ಬಲ ಕಡಿಮೆ ಆಗುತ್ತದೆ ಎಂದು ಒಬ್ಬರೂ ಹೇಳಲಿಲ್ಲ. ದುಡಿಯುವವರ ಯೂನಿಫಾರಂಗೆ ಅದೇ ಮೊದಲು ಬೇಕಾದ ಮಾತು ಅಲ್ವಾ?

ಕುರ್ಚಿಯಲ್ಲಿ ಕೂತು ಕೆಲಸ ಮಾಡುವವರು ಧಾರಾಳವಾಗಿ ತಗೊಳ್ಳಿ, ನೋಡಲು ಚೆನ್ನಾಗಿರುತ್ತದೆ. ಕೈ ಎತ್ತಿ, ಬಗ್ಗಿ, ಉಜ್ಜಾಡುವ ಕೆಲಸಕ್ಕೆ ಬೇಡ. ಹತ್ತಿಯೇ ಬೇಕಿದ್ದರೆ ಮರ್ಸರೈಸ್ ಮಾಡಿದ್ದನ್ನು ಕೇಳಿ. ಕಾಸ್ಟಿಕ್ ಸೋಡಾದಲ್ಲಿ ಬಿಗಿಯಾಗಿ ಎಳೆದು ಹಿಡಿದು ಮಾಡುವ ಆ ಹದದಿಂದ ನೂಲಿನ ಬಲ ಹೆಚ್ಚುತ್ತದೆ, ಹೊಳಪೂ ಬರುತ್ತದೆ. ನಾನು ಮಾತ್ರ 67 ಪಾಲು ಪಾಲಿಯೆಸ್ಟರ್, 33 ಪಾಲು ಹತ್ತಿ ಇರುವ, ಓರೆ ಗೆರೆ ನೇಯ್ಗೆಯ ಪಿಸಿ ಟ್ವಿಲ್‌ಗೆ ವಾಪಸ್ ಬಂದಿದ್ದೇನೆ. ಬೇಸಿಗೆಯಲ್ಲಿ ಬೆವರು ಜಾಸ್ತಿ, ನಿಜ. ಈ ಸಲ ಟೇಲರ್‌ಗೆ ಹೇಳಿ ಕಂಕುಳಲ್ಲಿ ಒಂದು ಪಟ್ಟಿ ಜಾಸ್ತಿ ಇಡಿಸಿದ್ದೇನೆ.