ವಿನೈಲ್ ಸೈಡಿಂಗ್ ಮೇಲೆ ಹೂವಿನ ಪೆಟ್ಟಿಗೆ: ನೇರ ಸ್ಕ್ರೂ ಹೊಡೆದರೆ ಗೋಡೆಗೇ ಕುತ್ತು

ನ್ಯೂಜೆರ್ಸಿಯ ಎರಡಂತಸ್ತಿನ ಮನೆ. ಅಡುಗೆಮನೆ ಕಿಟಕಿಯ ಕೆಳಗೆ 36 ಇಂಚಿನ ಮರದ ಪೆಟ್ಟಿಗೆ, ಎರಡು ಕಬ್ಬಿಣದ ಬ್ರಾಕೆಟ್. ಕೆಲಸಕ್ಕೆ ಬಂದ ಹ್ಯಾಂಡಿಮ್ಯಾನ್ ಸೈಡಿಂಗ್ (ಗೋಡೆಗೆ ಹೊರಗಿನಿಂದ ಹೊದಿಸಿದ ಪ್ಲಾಸ್ಟಿಕ್ ಪಟ್ಟಿಗಳು) ಮೇಲೆಯೇ ಬ್ರಾಕೆಟ್ ಇಟ್ಟು, ನಾಲ್ಕು ಡೆಕ್ ಸ್ಕ್ರೂ ಬಿಗಿದು, ಅರ್ಧ ಗಂಟೆಯಲ್ಲಿ ಮುಗಿಸಿ ಹೋದ. ಮೂರನೇ ಬೇಸಿಗೆಯ ಹೊತ್ತಿಗೆ ಪೆಟ್ಟಿಗೆಯ ಮೇಲಂಚಿಗೂ ಗೋಡೆಗೂ ನಡುವೆ ಬೆರಳು ತೂರುವಷ್ಟು ಸಂದು. ಒಳಗಡೆ, ಸಿಂಕ್ ಹಿಂದಿನ ಡ್ರೈವಾಲ್ (ಒಳಗೋಡೆಯ ಜಿಪ್ಸಂ ಹಲಗೆ) ಮೇಲೆ ಟೀ ಚೆಲ್ಲಿದಂಥ ಕಲೆ. ಸೈಡಿಂಗ್ ಬಿಚ್ಚಿ ನೋಡಿದರೆ ಬಲಗಡೆಯ ಸ್ಕ್ರೂಗಳ ಸುತ್ತ ಅಂಗೈ ಅಗಲ ಓಎಸ್‌ಬಿ (ಮರದ ಚಕ್ಕೆಗಳನ್ನು ಅಂಟಿಸಿ ಒತ್ತಿದ) ಹಲಗೆ ಕಪ್ಪಗಾಗಿ, ನೆನೆಹಾಕಿದ ಅವಲಕ್ಕಿಯ ಹಾಗೆ ಉಬ್ಬಿಕೊಂಡಿತ್ತು. ಉಗುರಿನಲ್ಲಿ ಕೆರೆದರೆ ಚಕ್ಕೆ ಚಕ್ಕೆಯಾಗಿ ಕೈಗೇ ಬಂತು. ನಾಲ್ಕು ಸ್ಕ್ರೂಗಳಲ್ಲಿ ಒಂದೂ ಸ್ಟಡ್‌ಗೆ, ಅಂದರೆ ಗೋಡೆಯೊಳಗೆ ನಿಲ್ಲಿಸಿದ ಮರದ ಕಂಬಕ್ಕೆ, ಸಿಕ್ಕಿರಲಿಲ್ಲ.

ನಮ್ಮವರು ಇಲ್ಲಿ ಸುಲಭವಾಗಿ ಎಡವುವುದಕ್ಕೆ ಕಾರಣವಿದೆ. ಊರಲ್ಲಿ ಗೋಡೆ ಅಂದರೆ ಇಟ್ಟಿಗೆ, ಇಲ್ಲವೇ ಕಾಂಕ್ರೀಟ್ ಬ್ಲಾಕ್. ಎಲ್ಲಿ ಬೇಕಾದರೂ ತೂತು ಕೊರೆದು ಫಿಷರ್ ಪ್ಲಗ್ ಹಾಕಿ ಏನು ಬೇಕಾದರೂ ನೇತುಹಾಕಬಹುದು. ಅಮೆರಿಕದ ಈ ಮನೆಗಳಲ್ಲಿ ಹೊರಗೆ ಕಾಣುವುದು ಗೋಡೆಯೇ ಅಲ್ಲ. ಮಲೆನಾಡಿನಲ್ಲಿ ಸಸಿ ನೆಡುವಾಗ ಬೆನ್ನಿಗೆ ಹೊದೆಯುತ್ತಿದ್ದ ಗೊರಬು ಇದ್ದ ಹಾಗೆ ಅದು. ಮಳೆಯನ್ನು ಜಾರಿಸುತ್ತದೆ, ಭಾರ ಹೊರುವುದಿಲ್ಲ.

ವಿನೈಲ್ ಹಾಳೆಯ ದಪ್ಪ ಸುಮಾರು 1 ಮಿಲಿಮೀಟರ್. ಅದರ ಹಿಂದೆ ಅರ್ಧ ಮುಕ್ಕಾಲು ಇಂಚಿನಷ್ಟು ಪೊಳ್ಳು. ಆಮೇಲೆ ನೀರು ತಡೆಯುವ ತೆಳು ಹಾಳೆಯಾದ ಹೌಸ್‌ವ್ರ್ಯಾಪ್, 7/16 ಇಂಚಿನ ಓಎಸ್‌ಬಿ, ಕೊನೆಗೆ 16 ಇಂಚಿಗೊಂದರಂತೆ ನಿಂತ ಸ್ಟಡ್‌ಗಳು. ಭಾರ ಹೊರುವುದು ಈ ಸ್ಟಡ್ ಮಾತ್ರ. ಸೈಡಿಂಗನ್ನು ಗೋಡೆಗೆ ಬಿಗಿದಿರುವುದೂ ಇಲ್ಲ. ಮೇಲಂಚಿನ ಉದ್ದ ಸೀಳುಗಳಲ್ಲಿ ಮೊಳೆ ಹೊಡೆದು, ಮೊಳೆಯ ತಲೆಯನ್ನು 1/32 ಇಂಚು ಬಿಟ್ಟೇ ನಿಲ್ಲಿಸಿರುತ್ತಾರೆ. ಬಿಸಿಲು ಚಳಿಗೆ 12 ಅಡಿಯ ಒಂದು ಪಟ್ಟಿ ಅರ್ಧ ಇಂಚಿನವರೆಗೆ ಹಿಗ್ಗಿ ಕುಗ್ಗಬಲ್ಲದು, ಆ ಓಡಾಟಕ್ಕಾಗಿ. ಅದರ ಮೇಲೆ ಬ್ರಾಕೆಟ್ ಇಟ್ಟು ಸ್ಕ್ರೂ ಬಿಗಿದರೆ ಪಟ್ಟಿ ಅಲ್ಲೇ ಸಿಕ್ಕಿಬೀಳುತ್ತದೆ. ಜುಲೈ ಮಧ್ಯಾಹ್ನ ಗೋಡೆ ಅಲೆಅಲೆಯಾಗಿ ಕಂಡರೆ ಅದು ಇದರ ಗುರುತು.

ಈಗ ತೂಕದ ಲೆಕ್ಕ. 36 ಇಂಚು ಉದ್ದ, 8 ಅಗಲ, 8 ಆಳದ ಪೆಟ್ಟಿಗೆಗೆ ಸುಮಾರು 38 ಲೀಟರ್ ಮಣ್ಣು ಹಿಡಿಯುತ್ತದೆ. ಚೀಲದಿಂದ ಸುರಿಯುವಾಗ ಪಾಟಿಂಗ್ ಮಿಕ್ಸ್ ಹಗುರ. ನೀರು ಕುಡಿದ ಮೇಲೆ ಪೆಟ್ಟಿಗೆ, ಗಿಡ ಎಲ್ಲ ಸೇರಿ 35–40 ಕೆಜಿಯ ಆಸುಪಾಸು. ಈ ಭಾರ ಗೋಡೆಯಿಂದ ಮುಂದಕ್ಕೆ ಚಾಚಿಕೊಂಡಿದೆ ಎನ್ನುವುದನ್ನು ಮರೆಯಬೇಡಿ: ಅದು ಬ್ರಾಕೆಟ್‌ನ ಮೇಲಿನ ಸ್ಕ್ರೂವನ್ನು ಹೊರಕ್ಕೆ ಎಳೆಯುತ್ತದೆ, ಕೆಳಗಿನ ಕಾಲನ್ನು ಗೋಡೆಯೊಳಕ್ಕೆ ಒತ್ತುತ್ತದೆ. ಆ ಕಾಲಿನಡಿ ಇರುವುದು ಪೊಳ್ಳು. ವಿನೈಲ್ ತಗ್ಗಾಗುತ್ತದೆ, ಬ್ರಾಕೆಟ್ ಸಡಿಲವಾಗುತ್ತದೆ, ಗಾಳಿಗೆ ಅಲ್ಲಾಡಿ ಅಲ್ಲಾಡಿ ಓಎಸ್‌ಬಿಯ ತೂತು ಅಗಲವಾಗುತ್ತದೆ. ಸೈಡಿಂಗ್ ಹಿಂದಕ್ಕೆ ಒಂದಿಷ್ಟು ನೀರು ಹೋಗುವುದು ಮಾಮೂಲು; ಅದು ಕೆಳಗಿನ ಸಣ್ಣ ತೂತುಗಳಿಂದ ಹೊರಬೀಳಲಿ ಎಂದೇ ಆ ವ್ಯವಸ್ಥೆ. ಹೌಸ್‌ವ್ರ್ಯಾಪ್‌ನಲ್ಲಿ ತೂತಾದಾಗ ಮಾತ್ರ ನೀರಿಗೆ ಹೊಸ ದಾರಿ ಸಿಗುತ್ತದೆ.

ಸ್ಕ್ರೂ ಸುತ್ತ ಸಿಲಿಕೋನ್ ಬಳಿದರೆ ಸಾಕು ಎನ್ನುವವರ ಮಾತು ಕೇಳಬೇಡಿ. ಸೈಡಿಂಗ್ ಓಡಾಡುತ್ತದೆ, ಸ್ಕ್ರೂ ಓಡಾಡುವುದಿಲ್ಲ. ಒಂದೆರಡು ಚಳಿಗಾಲದಲ್ಲಿ ಸಿಲಿಕೋನ್ ಬಿಟ್ಟುಕೊಳ್ಳುತ್ತದೆ. ಸೈಡಿಂಗ್ ಸಂದಿಗೆ ಸಿಕ್ಕಿಸುವ ಸ್ಟೀಲ್ ಹುಕ್ ಕ್ರಿಸ್‌ಮಸ್ ಹಾರಕ್ಕೆ ಸರಿ, ಹಸಿ ಮಣ್ಣಿಗೆ ಅಲ್ಲ. ಓಎಸ್‌ಬಿಗೆ ಟಾಗಲ್ ಬೋಲ್ಟ್ (ತೂತಿನ ಹಿಂದೆ ರೆಕ್ಕೆ ಬಿಚ್ಚಿ ಹಿಡಿಯುವ ಬೋಲ್ಟ್) ಹಾಕುವುದೂ ಬೇಡ. ಡ್ರೈವಾಲ್ ಸ್ಕ್ರೂ ಅಂತೂ ಅಡ್ಡ ಭಾರಕ್ಕೆ ಪಟ್ಟನೆ ಮುರಿಯುತ್ತದೆ.

ಸರಿಯಾದ ವಿಧಾನಕ್ಕೆ ಒಂದು ದಿನ ಹಿಡಿಯುತ್ತದೆ. ಮೊದಲು ಮನೆಯ ಒಳಗಿನಿಂದ ಸ್ಟಡ್ ಫೈಂಡರ್ ಹಿಡಿದು ಕಿಟಕಿಯ ಕೆಳಗಿನ ಗಿಡ್ಡ ಸ್ಟಡ್‌ಗಳನ್ನು ಹುಡುಕಿ, ಕಿಟಕಿ ಚೌಕಟ್ಟಿನ ಅಂಚಿನಿಂದ ಅಳತೆ ಬರೆದುಕೊಂಡು ಹೊರಗೆ ಗುರುತು ಮಾಡಿ. ಆ ಗೋಡೆಯಲ್ಲಿ ವಿದ್ಯುತ್ ಔಟ್‌ಲೆಟ್ ಯಾವ ಎತ್ತರದಲ್ಲಿದೆ ಎಂದೂ ನೋಡಿಕೊಳ್ಳಿ. ಕೇಬಲ್ ಸಾಮಾನ್ಯವಾಗಿ ಸ್ಟಡ್‌ಗಳ ನಡುಮಧ್ಯ ಕೊರೆದ ತೂತಿನಲ್ಲಿ ಅಡ್ಡಡ್ಡ ಹೋಗಿರುತ್ತದೆ. ಬೆಚ್ಚಗಿನ ದಿನ, ಪಟ್ಟಿಗಳ ಕೊಂಡಿ ಬಿಡಿಸುವ ಜಿಪ್ ಟೂಲ್‌ನಿಂದ ಸೈಡಿಂಗ್ ಬಿಚ್ಚಿ. ಚಳಿಯಲ್ಲಿ ವಿನೈಲ್ ಹಪ್ಪಳದಂತೆ ಮುರಿಯುತ್ತದೆ.

ಬ್ರಾಕೆಟ್ ಕೂರಲು ಒಂದು ಹಲಗೆ ಬೇಕು. 5/4 ಅಳತೆಯ ಪ್ರೆಶರ್ ಟ್ರೀಟೆಡ್ (ಕೊಳೆಯದಂತೆ ಔಷಧಿ ಊಡಿಸಿದ) ಡೆಕ್ ಬೋರ್ಡ್ ಸಾಕು. ಹೆಸರಿಗೆ 5/4, ನಿಜವಾದ ದಪ್ಪ 1 ಇಂಚು, ಅಗಲ ಐದೂವರೆ. ಹಲಗೆಯ ಮೇಲಂಚು ಕಿಟಕಿ ಚೌಕಟ್ಟಿನಿಂದ ಕನಿಷ್ಠ 4 ಇಂಚು ಕೆಳಗಿರಲಿ. ಇಲ್ಲದಿದ್ದರೆ ಕಿಟಕಿಯ ಮೊಳೆಪಟ್ಟಿಯನ್ನೂ ಅದರ ಮೇಲೆ ನೀರು ತಡೆಯಲು ಅಂಟಿಸಿದ ಫ್ಲ್ಯಾಶಿಂಗ್ ಟೇಪನ್ನೂ ತೂತು ಮಾಡುತ್ತೀರಿ, ಅದು ಇನ್ನೂ ದೊಡ್ಡ ತಲೆನೋವು. ಸ್ಕ್ರೂ ಹೋಗುವ ಕಡೆಯೆಲ್ಲ ಹೌಸ್‌ವ್ರ್ಯಾಪ್ ಮೇಲೆ ರಬ್ಬರಿನಂಥ ಬ್ಯುಟೈಲ್ ಟೇಪ್ ಅಂಟಿಸಿ, ಮೇಲೆ ಹಲಗೆ ಕೂರಿಸಿ. ಹಲಗೆಯ ನೆತ್ತಿಗೆ ಲೋಹದ ಜೆಡ್-ಫ್ಲ್ಯಾಶಿಂಗ್, ಅಂದರೆ ನೀರನ್ನು ಹೊರಕ್ಕೆ ಜಾರಿಸುವ Z ಆಕಾರದ ಪಟ್ಟಿ. ಇಲ್ಲೇ ಹೆಚ್ಚಿನವರು ತಪ್ಪುವುದು: ಫ್ಲ್ಯಾಶಿಂಗ್‌ನ ಮೇಲಂಚು ಹೌಸ್‌ವ್ರ್ಯಾಪ್‌ನ ಹಿಂದೆ ಹೋಗಬೇಕು, ಮುಂದೆ ಅಲ್ಲ. ಹೆಂಚು ಹೊದಿಸುವ ಕ್ರಮವೇ ಇದು, ಮೇಲಿನದು ಕೆಳಗಿನದರ ಮೇಲೆ ಬರಬೇಕು. ಅದಕ್ಕಾಗಿ ಹೌಸ್‌ವ್ರ್ಯಾಪ್ ಅಡ್ಡ ಸೀಳಿ, ಫ್ಲ್ಯಾಶಿಂಗ್ ಒಳಗೆ ತೂರಿಸಿ, ಸೀಳಿಗೆ ಟೇಪ್ ಹಾಕಿ. ಸೈಡಿಂಗ್‌ನ ಕತ್ತರಿಸಿದ ಅಂಚು ಕೂರಲು ಹಲಗೆಯ ಬದಿಗಳಿಗೆ ಜೆ-ಚಾನೆಲ್ ಪಟ್ಟಿ, ಕೆಳಗೆ ಅಂಡರ್‌ಸಿಲ್ ಟ್ರಿಮ್ ಪಟ್ಟಿ, ಕತ್ತರಿಸಿದ ಸೈಡಿಂಗ್ ತುದಿಗೆ ಕಾಲಿಂಚು ಸಂದು.

ಬ್ರಾಕೆಟ್‌ಗಳನ್ನು ಸ್ಟಡ್ ಇರುವ ಜಾಗಕ್ಕೇ ಕೂರಿಸಿ. 36 ಇಂಚಿನ ಪೆಟ್ಟಿಗೆಗೆ 16 ಇಂಚಿನ ಅಂತರದಲ್ಲಿ ಮೂರು ಬ್ರಾಕೆಟ್ ಸಲೀಸಾಗಿ ಹಿಡಿಯುತ್ತವೆ. 5/16 ಇಂಚಿನ ಲ್ಯಾಗ್ ಸ್ಕ್ರೂ (ಬೋಲ್ಟ್ ತಲೆಯ ದಪ್ಪ ಮರದ ಸ್ಕ್ರೂ), ಉದ್ದ 3 ಇಂಚು, ಮೊದಲು 3/16 ಇಂಚಿನ ತೂತು. ಹಲಗೆ ಮತ್ತು ಓಎಸ್‌ಬಿ ದಾಟಿ ಸ್ಟಡ್ ಒಳಗೆ ಒಂದೂವರೆ ಇಂಚು ಸಿಗುತ್ತದೆ. ಗಟ್ಟಿಯಾಗಿರಲಿ ಎಂದು 4 ಇಂಚಿನದು ಹಾಕಿದರೆ ಆ ಕೇಬಲ್‌ಗೆ ತಗಲಬಹುದು. ಟ್ರೀಟೆಡ್ ಮರದಲ್ಲಿರುವ ತಾಮ್ರದ ಅಂಶ ಸಾದಾ ಉಕ್ಕನ್ನು ತಿಂದುಹಾಕುತ್ತದೆ, ಆದ್ದರಿಂದ ಸ್ಕ್ರೂ ಹಾಟ್ ಡಿಪ್ ಗ್ಯಾಲ್ವನೈಸ್ಡ್ ಅಥವಾ ಸ್ಟೇನ್‌ಲೆಸ್ ಆಗಿರಲಿ. ಜೆಡ್-ಫ್ಲ್ಯಾಶಿಂಗ್‌ಗೂ ಅದೇ ಮಾತು, ಬರಿ ಅಲ್ಯೂಮಿನಿಯಂ ಬೇಡ. ಪೆಟ್ಟಿಗೆಯ ಹಿಂಬದಿಗೂ ಸೈಡಿಂಗ್‌ಗೂ 1 ಇಂಚು ಗಾಳಿಯಾಡಲಿ. ನೀರಿನ ತೂತುಗಳು ಮುಂಭಾಗದ ಕಡೆಗಿರಲಿ, ಇಲ್ಲದಿದ್ದರೆ ಗೋಡೆಯ ತುಂಬ ಪಾಚಿ.

ಹಳೆಯ ಮನೆಯಾದರೆ ಡ್ರಿಲ್ ಎತ್ತುವ ಮುಂಚೆ ನಿಲ್ಲಿ. ಹಳೇ ಮರದ ಹೊದಿಕೆಯನ್ನೋ ಆಸ್ಬೆಸ್ಟಾಸ್ ಸಿಮೆಂಟ್ ಬಿಲ್ಲೆಗಳನ್ನೋ ತೆಗೆಯದೆ ಅದರ ಮೇಲೆಯೇ ವಿನೈಲ್ ಹೊದಿಸಿದ ಮನೆಗಳು ಅಲ್ಲಿ ಬೇಕಾದಷ್ಟಿವೆ. 1978ಕ್ಕೆ ಮುಂಚಿನ ಬಣ್ಣದಲ್ಲಿ ಸೀಸವೂ ಇರಬಹುದು. ಒಂದು ಪಟ್ಟಿ ಬಿಚ್ಚಿದಾಗ ಬೂದು ಬಣ್ಣದ ಗಡಸು ಬಿಲ್ಲೆ ಕಂಡರೆ ಕೊರೆಯದೆ ಪರೀಕ್ಷೆ ಮಾಡಿಸಿ. ಟೌನ್‌ಹೌಸ್ ಆದರೆ ಹೊರಗೋಡೆ ಸಾಮಾನ್ಯವಾಗಿ ಮನೆ ಮಾಲೀಕರ ಸಂಘದ (ಅಸೋಸಿಯೇಷನ್) ಕೈಲಿರುತ್ತದೆ. ಬರವಣಿಗೆಯಲ್ಲಿ ಒಪ್ಪಿಗೆ ಪಡೆಯಿರಿ.

ನೆಲಮಹಡಿಯ ಕಿಟಕಿಗೆ ಇಷ್ಟೆಲ್ಲ ಬೇಡವೆನಿಸಿದರೆ ನೆಲದಿಂದಲೇ ಎರಡು ಮರದ ಕಾಲು ಎಬ್ಬಿಸಿ ಪೆಟ್ಟಿಗೆ ಕೂರಿಸಿ. ಗೋಡೆ ಮುಟ್ಟುವ ಪ್ರಮೇಯವೇ ಇಲ್ಲ. ಚೆಂಡುಹೂ, ಮೆಂತ್ಯ, ಕೊತ್ತಂಬರಿ ಬೆಳೆಯಲು ಅದು ಧಾರಾಳ, ಚಳಿಗಾಲಕ್ಕೆ ತುಳಸಿಯನ್ನು ಒಳಗೆ ಎತ್ತಿಡುವುದೂ ಸುಲಭ.

ಈಗಾಗಲೇ ನೇರ ಸ್ಕ್ರೂ ಹೊಡೆಸಿದ್ದರೆ ಪೆಟ್ಟಿಗೆ ಇಳಿಸಿ, ಆ ಪಟ್ಟಿ ಬಿಚ್ಚಿ, ತೂತಿನ ಸುತ್ತ ದಬ್ಬಣದಿಂದ ಚುಚ್ಚಿ ನೋಡಿ. ಗಟ್ಟಿಯಿದ್ದರೆ ತೂತು ಮುಚ್ಚಿ ಟೇಪ್ ಹಾಕಿದರೆ ಮುಗಿಯಿತು. ದಬ್ಬಣ ಸಲೀಸಾಗಿ ಇಳಿದರೆ ಸ್ಟಡ್‌ನಿಂದ ಸ್ಟಡ್‌ವರೆಗೆ ಆ ಓಎಸ್‌ಬಿ ಕತ್ತರಿಸಿ ಹೊಸದು ಹಾಕಬೇಕು, ಒಳಗಿನ ಇನ್ಸುಲೇಷನ್ ಒದ್ದೆಯಿದ್ದರೆ ಅದನ್ನೂ. ತೂತು ಬಿದ್ದ ಪಟ್ಟಿಗೆ ಬದಲಾಗಿ ಅಂಗಡಿಯ ಹೊಸ ಪಟ್ಟಿ ತಂದರೆ ಬಿಸಿಲಿಗೆ ಮಾಸಿದ ಗೋಡೆಯಲ್ಲಿ ತೇಪೆಯ ಹಾಗೆ ಎದ್ದು ಕಾಣುತ್ತದೆ. ಮನೆಯ ಹಿಂದೆ, ಎಸಿ ಯೂನಿಟ್ ಪಕ್ಕ, ಯಾರೂ ನೋಡದ ಕಡೆಯಿಂದ ಅಷ್ಟೇ ಉದ್ದದ ಪಟ್ಟಿ ಬಿಚ್ಚಿ ಮುಂದೆ ಹಾಕಿ. ಹೊಸದನ್ನು ಹಿಂದಕ್ಕೆ ಹಾಕಿದರಾಯಿತು.