ತೊಗರಿ ಪಟ್ಟಿಯ ಆ್ಯಪ್: ಸ್ಟೋರ್, ಎಪಿಕೆ, ವೆಬ್ ಮೂರನ್ನೂ ಹಾಕಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ವೆಬ್ ಆ್ಯಪ್‌ಗೆ. ಸ್ವಂತ ಡೊಮೇನ್, ಬ್ರೌಸರ್‌ನಲ್ಲಿ ತೆರೆಯೋದು, ಹೋಮ್ ಸ್ಕ್ರೀನ್ ಮೇಲೆ ಒಂದು ಐಕಾನ್. ಮುಗೀತು. ಆ್ಯಪ್ ಸ್ಟೋರ್ ಜತೆ ಒಂದು ಇಡೀ ಸುಗ್ಗಿ ಒದ್ದಾಡಿ, ಎಪಿಕೆ ಫೈಲನ್ನು (ಸ್ಟೋರ್ ಇಲ್ಲದೆ ಆಂಡ್ರಾಯ್ಡ್ ಫೋನಿಗೆ ನೇರವಾಗಿ ಹಾಕೋ ಆ್ಯಪ್ ಫೈಲ್) ವಾಟ್ಸ್ಯಾಪ್‌ನಲ್ಲಿ ಹಂಚಿ ಬೈಸಿಕೊಂಡು ಇಲ್ಲಿಗೆ ಬಂದು ನಿಂತಿದ್ದೇನೆ. ಎಷ್ಟು ಎಂಬಿ, ಯಾವ ಭಾಷೆಯಲ್ಲಿ ಕೋಡ್ ಬರೆದೆ ಅನ್ನೋದು ಇಲ್ಲಿ ಬೇಡ. ಒಬ್ಬನೇ ಕೂತು ಆ್ಯಪ್ ಮಾಡಿ, ಊರಲ್ಲೇ ಮಾರೋನಿಗೆ ಯಾವ ದಾರಿ ಸರಿ ಅನ್ನೋದಷ್ಟೇ ನನ್ನ ವಿಷಯ.

ಆ್ಯಪ್ ಏನು ಅಂತ ಎರಡು ಮಾತು. ಕಲಬುರಗಿಯ ನೆಹರು ಗಂಜ್ ಮಾರುಕಟ್ಟೆಯಲ್ಲಿ ರೈತರ ಮಾಲು ಮಾರಿಸಿಕೊಡೋ ಅಡತಿ ಅಂಗಡಿಗಳಿವೆಯಲ್ವಾ, ಅಲ್ಲಿ ಲೆಕ್ಕ ಬರೆಯೋ ಮುನೀಮರಿಗಾಗಿ ಮಾಡಿದ್ದು. ರೈತ ತೊಗರಿ ತಂದರೆ ಎಷ್ಟು ಚೀಲ, ಎಷ್ಟು ತೂಕ, ಯಾವ ದರ, ಹಮಾಲಿ (ಚೀಲ ಹೊರೋ ಕೂಲಿ) ಎಷ್ಟು ಕಳೀತು, ಕೈಗೆ ಎಷ್ಟು ಬಂತು ಎಂದು ಪಟ್ಟಿ ತಯಾರಾಗುತ್ತದೆ. ಚಿಕ್ಕ ಪ್ರಿಂಟರ್‌ನಲ್ಲಿ ಚೀಟಿ ಬರುತ್ತದೆ. ಬೇಕಾದರೆ ರೈತನ ವಾಟ್ಸ್ಯಾಪ್‌ಗೂ ಹೋಗುತ್ತದೆ. ಅಷ್ಟೇ ಕೆಲಸ. ಆದರೆ ಡಿಸೆಂಬರ್ ಬಂತೆಂದರೆ ಆಳಂದ, ಸೇಡಂ, ಚಿತ್ತಾಪುರ, ಜೇವರ್ಗಿ ಕಡೆಯಿಂದ ಟ್ರ್ಯಾಕ್ಟರು, ಟಂಟಂ ಸಾಲುಗಟ್ಟುತ್ತವೆ. 2019ರಲ್ಲಿ ಜಿಐ ಟ್ಯಾಗ್ (ಭೌಗೋಳಿಕ ಗುರುತು) ಸಿಕ್ಕ ತೊಗರಿ ಇದು. ಜನವರಿಯಲ್ಲಿ ಗಂಜ್ ಒಳಗೆ ಕಾಲಿಡಲು ಜಾಗ ಇರಲ್ಲ. ಆ ಹೊತ್ತಿನಲ್ಲಿ ಪಟ್ಟಿ ತಪ್ಪಿದರೆ ಮುನೀಮರು ನನ್ನನ್ನು ಸುಮ್ನೆ ಬಿಡಲ್ಲ.

ಸ್ಟೋರ್‌ನಲ್ಲಿ ಒಳ್ಳೇದಿಲ್ಲ ಅಂತಲ್ಲ. ಜನಕ್ಕೆ ನಂಬಿಕೆ ಇರುತ್ತೆ. ಹೊಸ ಆವೃತ್ತಿ ತಾನಾಗಿಯೇ ಫೋನಿಗೆ ಇಳಿಯುತ್ತೆ. ಖರ್ಚೂ ಅಂಥಾ ದೊಡ್ಡದಲ್ಲ: ಗೂಗಲ್ ಪ್ಲೇನಲ್ಲಿ ಡೆವಲಪರ್ ಖಾತೆಗೆ ಒಂದೇ ಸಲ 25 ಡಾಲರ್, ಆಪಲ್‌ನಲ್ಲಿ ವರ್ಷಕ್ಕೆ 99 ಡಾಲರ್. ಕಮಿಷನ್ ವಿಚಾರಕ್ಕೆ ಬಂದರೆ, ನೂರಕ್ಕೆ 30 ಇದ್ದದ್ದನ್ನು ಚಿಕ್ಕ ಡೆವಲಪರ್‌ಗಳಿಗೆ 2021ರಲ್ಲಿ ಎರಡೂ ಕಂಪನಿಗಳು 15ಕ್ಕೆ ಇಳಿಸಿದವು. ನನ್ನ ಚಂದಾ ವರ್ಷಕ್ಕೆ 1,200 ರೂಪಾಯಿ. 15ರ ಲೆಕ್ಕ ಹಿಡಿದರೆ 180 ಹೋಗುತ್ತೆ. ಹೋಗಲಿ ಬಿಡಿ. ಜಗಳ ಬರೀ ಕಮಿಷನ್ನದು ಅಂತ ಎಲ್ಲರೂ ಹೇಳ್ತಾರೆ. ನನಗೆ ಹೊಟ್ಟೆ ಉರಿದದ್ದು ಬೇರೆ ಕಾರಣಕ್ಕೆ.

ನಾನು ಆ್ಯಪ್ ಹಾಕಿದ್ದ ಸ್ಟೋರ್ ಯಾವುದು ಅಂತ ಹೇಳಲ್ಲ. ಮೊದಲ ವರ್ಷ ಆ್ಯಪ್ ಪೂರ್ತಿ ಉಚಿತ ಇತ್ತು. ಯಾರೂ ಏನೂ ಕೇಳಲಿಲ್ಲ. ಎರಡನೇ ವರ್ಷ ಚಂದಾ ಇಟ್ಟೆ. ಗಂಜ್‌ನ ಸಾವುಕಾರರು ಕಾರ್ಡ್ ನಂಬರ್ ಒತ್ತಿ ಹಣ ಕಟ್ಟೋ ಪೈಕಿ ಅಲ್ಲ. ದೀಪಾವಳಿಗೆ ಹೊಸ ಲೆಕ್ಕ ಶುರು ಮಾಡುವಾಗ ಗಾದಿ ಮೇಲೆ ಕೂತು ನೋಟು ಎಣಿಸಿ ಕೊಡ್ತಾರೆ, ಇಲ್ಲಾಂದ್ರೆ ಫೋನ್ ತೆಗೆದು ಸ್ಕ್ಯಾನ್ ಮಾಡ್ತಾರೆ. ಹಾಗಾಗಿ ಚಂದಾ ಪುಟದಲ್ಲಿ ನನ್ನ ಯುಪಿಐ ಕ್ಯೂಆರ್ ಹಾಕಿದೆ. ಆ್ಯಪ್ ಒಳಗಿನ ಸೌಲಭ್ಯಕ್ಕೆ ಹಣ ತಗೊಳ್ಳೋದಾದರೆ ಸ್ಟೋರ್‌ನ ಬಿಲ್ಲಿಂಗ್ ಮೂಲಕವೇ ತಗೋಬೇಕು ಅಂತ ಅಪ್‌ಡೇಟ್ ವಾಪಸ್ ಬಂತು. ನಿಯಮ ನಿಯಮವೇ, ಸರಿ. ಕ್ಯೂಆರ್ ತೆಗೆದೆ.

ಇಲ್ಲಿಂದ ಶುರುವಾಯಿತು ನೋಡಿ. ಕ್ಯೂಆರ್ ಜಾಗದಲ್ಲಿ 'ಚಂದಾ ಬಗ್ಗೆ ಈ ನಂಬರಿಗೆ ಫೋನ್ ಮಾಡಿ' ಅಂತ ಒಂದು ಸಾಲು ಹಾಕಿದೆ. ಅದೂ ವಾಪಸ್. ನಂಬರ್ ತೆಗೆದು 'ಚಂದಾ ಬಗ್ಗೆ ನಮ್ಮನ್ನು ಕೇಳಿ' ಅಂತ ಮಾತ್ರ ಬಿಟ್ಟೆ. ಅದೂ ವಾಪಸ್. ಪ್ರತಿ ಸಲ ಬರುತ್ತಿದ್ದದ್ದು ಒಂದೇ ಮೇಲ್, ಅಕ್ಷರ ಅಕ್ಷರಕ್ಕೂ ಅದೇ. 'ನಿಮ್ಮ ಆ್ಯಪ್ ಪಾವತಿ ನೀತಿಗೆ ಹೊಂದುತ್ತಿಲ್ಲ.' ಯಾವ ಪುಟ, ಯಾವ ಸಾಲು, ಹೇಳಲ್ಲ. ಮರುಪರಿಶೀಲನೆಗೆ ಅರ್ಜಿ ಹಾಕಿದರೆ ಅದೇ ಮೇಲ್ ಮತ್ತೆ, ಕೆಳಗೆ ಬೇರೆ ಹೆಸರು. ಕೊನೆಗೆ ಗೊತ್ತಾಯಿತು: ಆ್ಯಪ್ ಸರಿಯಾಗಿಯೇ ಇತ್ತು. ಸ್ಟೋರ್ ಪುಟದಲ್ಲಿ ತೋರಿಸಲು ಹಾಕಿದ್ದ ಫೋಟೋಗಳಲ್ಲಿ ಒಂದರ ಮೂಲೆಯಲ್ಲಿ ಹಳೇ ಕ್ಯೂಆರ್ ಅರ್ಧ ಕಾಣುತ್ತಿತ್ತು. ಮೇಲ್ ಜತೆ ಬಂದಿದ್ದ ಕೆಂಪು ಗೆರೆ ಮಾತ್ರ ಹಮಾಲಿ ಕಾಲಂ ಸುತ್ತ!

ಇದು ಬೇಸಿಗೆಯಲ್ಲಿ ನಡೆದಿದ್ದರೆ ನಕ್ಕು ಬಿಡುತ್ತಿದ್ದೆ. ನಡೆದದ್ದು ಸುಗ್ಗಿಯ ನಡುವೆ. ಆಗಲೇ ನನ್ನ ಗಿರಾಕಿ ಅಂಗಡಿಗಳಲ್ಲಿ ಹಮಾಲಿಯ ಲೆಕ್ಕ ಬದಲಾಯಿತು. ಚೀಲಕ್ಕಿಷ್ಟು ಅಂತ ಇದ್ದದ್ದು ಕ್ವಿಂಟಲ್‌ಗಿಷ್ಟು ಅಂತ ಆಯಿತು. ಬರೀ ದರ ಬದಲಾಗಿದ್ದರೆ ಮುನೀಮರೇ ಸೆಟ್ಟಿಂಗ್‌ನಲ್ಲಿ ತಿದ್ದುತ್ತಿದ್ದರು. ಲೆಕ್ಕ ಮಾಡೋ ರೀತಿಯೇ ಬದಲಾದರೆ ಕೋಡ್ ಬದಲಾಗಬೇಕು. ಕೋಡ್ ಒಂದು ಸಂಜೆಯ ಕೆಲಸ, ಅದೇ ರಾತ್ರಿ ಮುಗಿಸಿದೆ. ಆದರೆ ಅದು ಫೋನಿಗೆ ಹೋಗಬೇಕಲ್ಲ. ಚಂದಾ ಪುಟದ ಜಗಳ ಮುಗಿಯೋ ತನಕ ಯಾವ ಅಪ್‌ಡೇಟೂ ಮುಂದೆ ಹೋಗಲ್ಲ.

ಅಷ್ಟು ದಿನ ಗಂಜ್‌ನಲ್ಲಿ ಏನಾಯಿತು ಅಂದರೆ, ಪ್ರಿಂಟರ್‌ನಿಂದ ಚೀಟಿ ಬರೋದು, ಮುನೀಮರು ಹಮಾಲಿ ಸಾಲಿನ ಮೇಲೆ ಪೆನ್ನಿನಿಂದ ಗೀಟು ಹೊಡೆದು ಪಕ್ಕದಲ್ಲಿ ಹೊಸ ಅಂಕಿ ಬರೆಯೋದು, ಕೆಳಗಿನ ಒಟ್ಟು ಮೊತ್ತಕ್ಕೂ ಗೀಟು. ಚೀಟಿ ಹಿಡಿದ ರೈತರೊಬ್ಬರು ನನ್ನ ಎದುರಿಗೇ ಕೇಳಿದರು: 'ಮಷೀನ್ ಒಂದ್ ಹೇಳ್ತದ, ನೀವ್ ಒಂದ್ ಬರೀತೀರಿ. ಯಾವ್ದು ಖರೆ ಅದರಾಗ?' ಮುನೀಮರು ನನ್ನ ಕಡೆ ತಿರುಗಿ, 'ತಮ್ಮಾ, ಪೆನ್ನೇ ಛಲೋ ಇತ್ತಲ್ಲೋ' ಅಂದರು. ನಾನು ಸ್ಟೋರಿನವರು ನೋಡ್ತಿದ್ದಾರೆ ಅಂದೆ. 'ಯಾರ್ ನೋಡ್ಲತ್ತಾರ? ಫೋನ್ ಹಚ್ಚು, ನಾ ಮಾತಾಡ್ತೀನಿ.' ಅದೇ ತಾನೇ ತೊಂದರೆ. ಗಂಜ್‌ನಲ್ಲೂ ದಲಾಲಿ ಇದೆ, ಅಡತಿಯವರೂ ಪಾಲು ತಗೋತಾರೆ. ಆದರೆ ಲೆಕ್ಕ ತಪ್ಪಿದರೆ ರೈತ ಗಾದಿ ಮುಂದೆ ನಿಂತು ದನಿ ಏರಿಸಬಹುದು, ಒಪ್ಪಲಿಲ್ಲ ಅಂದರೆ ಮುಂದಿನ ಸಲ ಪಕ್ಕದ ಅಂಗಡಿಗೆ ಚೀಲ ಇಳಿಸಬಹುದು. ಸ್ಟೋರ್‌ಗೆ ಗಾದಿಯೂ ಇಲ್ಲ, ಪಕ್ಕದ ಅಂಗಡಿಯೂ ಇಲ್ಲ.

ಈ ಜಗಳ ನನ್ನೊಬ್ಬನದಲ್ಲ. 2020ರ ಆಗಸ್ಟ್ 13ರಂದು ಎಪಿಕ್ ಗೇಮ್ಸ್ ಕಂಪನಿ ಫೋರ್ಟ್‌ನೈಟ್ ಆಟದೊಳಗೆ ತನ್ನದೇ ಪಾವತಿ ದಾರಿ ಇಟ್ಟಿತು. ಅದೇ ದಿನ ಆಪಲ್, ಗೂಗಲ್ ಎರಡೂ ಆಟವನ್ನು ಕಿತ್ತುಹಾಕಿದವು. ಕೋರ್ಟ್ ಮೆಟ್ಟಿಲು ಹತ್ತಿದ ಮೇಲೆ 2023ರ ಡಿಸೆಂಬರ್‌ನಲ್ಲಿ ಅಮೆರಿಕದ ಜ್ಯೂರಿ ಗೂಗಲ್ ವಿರುದ್ಧ ತೀರ್ಪು ಕೊಟ್ಟಿತು. ನಮ್ಮಲ್ಲಿ 2022ರ ಅಕ್ಟೋಬರ್‌ನಲ್ಲಿ ಸ್ಪರ್ಧಾ ಆಯೋಗ ಪ್ಲೇ ಬಿಲ್ಲಿಂಗ್ ವಿಚಾರಕ್ಕೇ ಗೂಗಲ್‌ಗೆ 936.44 ಕೋಟಿ ರೂಪಾಯಿ ದಂಡ ಹಾಕಿತು. 2025ರ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಅದನ್ನು 216.69 ಕೋಟಿಗೆ ಇಳಿಸಿತು. ಬೇರೆ ಬಿಲ್ಲಿಂಗ್ ಬಳಸಲು ಗೂಗಲ್ ಇಲ್ಲಿ ದಾರಿ ಕೊಟ್ಟಿತು, ನಿಜ. ಆದರೆ ಹಾಗೆ ಮಾಡಿದರೆ ಕಮಿಷನ್‌ನಲ್ಲಿ ಕಡಿಮೆ ಮಾಡಿದ್ದು ನೂರಕ್ಕೆ 4 ಮಾತ್ರ. ಅಂದರೆ 15 ಕೊಡೋನು 11 ಕೊಡಬೇಕು, ಅದರ ಮೇಲೆ ತನ್ನ ಪಾವತಿ ಖರ್ಚು ಬೇರೆ. ಉಳಿದದ್ದೇನು?

2024ರ ಮಾರ್ಚ್ 1ರಂದು ಭಾರತ್ ಮ್ಯಾಟ್ರಿಮೋನಿ, ನೌಕ್ರಿ, 99ಏಕರ್ಸ್ ಥರದ ದೊಡ್ಡ ಆ್ಯಪ್‌ಗಳನ್ನೇ ಇದೇ ಶುಲ್ಕದ ಜಗಳದಲ್ಲಿ ಗೂಗಲ್ ತೆಗೆದಿತ್ತು. ಕೇಂದ್ರ ಸಚಿವರೇ ಮಾತಾಡಿದರು. ಕೆಲವೇ ದಿನಗಳಲ್ಲಿ ಆ್ಯಪ್‌ಗಳು ವಾಪಸ್ ಬಂದವು. ಅವರಿಗೆ ಸಚಿವರು ಸಿಗ್ತಾರೆ, ಎಪಿಕ್‌ಗೆ ವಕೀಲರಿದ್ದಾರೆ. ಸೂಪರ್ ಮಾರ್ಕೆಟ್ ಹತ್ತಿರ ಒಂದು ಕೋಣೆ, ಒಂದು ಲ್ಯಾಪ್‌ಟಾಪ್ ಇಟ್ಟುಕೊಂಡೋನಿಗೆ ಸಿಗೋದು ಒಂದು ಫಾರಂ.

ಇನ್ನು ಎಪಿಕೆ. ಸ್ಟೋರ್ ಜಗಳ ಬಗೆಹರಿಯದೆ ಇದ್ದಾಗ ಫೈಲನ್ನೇ ನೇರವಾಗಿ ವಾಟ್ಸ್ಯಾಪ್‌ನಲ್ಲಿ ಕಳಿಸಿದೆ. ಅವತ್ತೇ ಕೆಲಸ ಆಯಿತು, ಅದನ್ನು ಒಪ್ಪಲೇಬೇಕು. ಯಾರ ಅಪ್ಪಣೆಯೂ ಬೇಕಿರಲಿಲ್ಲ. ಆದರೆ ಸ್ಟೋರ್‌ನಲ್ಲಿದ್ದ ಪ್ರತಿಗೆ ಒಂದು ಡಿಜಿಟಲ್ ಸಹಿ, ನನ್ನ ಫೈಲಿಗೆ ಇನ್ನೊಂದು ಸಹಿ ಇದ್ದರೆ ಒಂದರ ಮೇಲೆ ಒಂದು ಕೂರಲ್ಲ. ಹಳೇದನ್ನು ತೆಗೆದು ಹೊಸದು ಹಾಕಬೇಕು. ತೆಗೆದರೆ ಫೋನಿನಲ್ಲಿದ್ದ ಪಟ್ಟಿಗಳೂ ಹೋಗುತ್ತವೆ. ಅಂಗಡಿ ಅಂಗಡಿಗೆ ಹೋಗಿ ಮೊದಲು ಬ್ಯಾಕಪ್ ತೆಗೆದು, ಆಮೇಲೆ ಹಾಕಿಕೊಟ್ಟೆ.

ಅದಕ್ಕಿಂತ ದೊಡ್ಡ ತೊಡಕು ಬೇರೆ. ಆರ್‌ಟಿಒ ಚಲನ್, ಪಿಎಂ ಕಿಸಾನ್, ಮದುವೆ ಆಮಂತ್ರಣ ಅಂತ ಹೆಸರಿಟ್ಟು ವಾಟ್ಸ್ಯಾಪ್‌ನಲ್ಲಿ ಎಪಿಕೆ ಕಳಿಸಿ ಬ್ಯಾಂಕ್ ಖಾತೆ ಖಾಲಿ ಮಾಡೋ ವಂಚನೆ ಎಲ್ಲ ಕಡೆ ನಡೆದಿದೆ. ಇಂಥ ಫೈಲ್ ಮುಟ್ಟಬೇಡಿ ಅಂತ ಪೊಲೀಸರು ಮತ್ತೆ ಮತ್ತೆ ಹೇಳ್ತಾರೆ. ಸರಿಯಾಗಿಯೇ ಹೇಳ್ತಾರೆ. ಅಂಥದ್ದರಲ್ಲಿ ನಾನು ಸಾವುಕಾರರಿಗೆ ಅದೇ ಥರದ ಫೈಲ್ ಕಳಿಸಿ, ಫೋನ್ ತೋರಿಸೋ ಎಚ್ಚರಿಕೆಯನ್ನು ದಾಟಿ ಮುಂದೆ ಹೋಗಿ ಅಂತ ಕಲಿಸಬೇಕು. ಇವತ್ತು ನನ್ನ ಫೈಲಿಗೆ 'ಆಗಲಿ' ಒತ್ತೋದು ಕಲಿತವರು ನಾಳೆ ಕಳ್ಳನ ಫೈಲಿಗೂ ಒತ್ತುತ್ತಾರೆ. ಒಬ್ಬ ಸಾವುಕಾರರ ಮಗ ಇದನ್ನೇ ಮುಖಕ್ಕೆ ಹೇಳಿದ. ಉತ್ತರ ಇರಲಿಲ್ಲ.

ಮುಂದೆ ಈ ದಾರಿಯೂ ಇಕ್ಕಟ್ಟಾಗುತ್ತದೆ. ಸ್ಟೋರ್ ಹೊರಗೆ ಹಂಚೋ ಆ್ಯಪ್‌ಗಳ ಡೆವಲಪರ್‌ಗಳೂ ತಮ್ಮ ಗುರುತು ದಾಖಲಿಸಬೇಕು ಎಂದು ಗೂಗಲ್ 2025ರ ಆಗಸ್ಟ್‌ನಲ್ಲಿ ಪ್ರಕಟಿಸಿತು. 2026ರ ಸೆಪ್ಟೆಂಬರ್‌ಗೆ ಬ್ರೆಜಿಲ್, ಇಂಡೋನೇಷ್ಯಾ, ಸಿಂಗಾಪುರ, ಥಾಯ್ಲೆಂಡ್, 2027ರಿಂದ ಉಳಿದ ದೇಶಗಳು ಅನ್ನೋದು ಆಗ ಹೇಳಿದ ಲೆಕ್ಕ. ತೆರೆದ ಕೋಡ್‌ನ ಆ್ಯಪ್‌ಗಳನ್ನು ಹಂಚೋ ಎಫ್-ಡ್ರಾಯ್ಡ್ ಸ್ಟೋರ್‌ನವರು ಜೋರಾಗಿ ವಿರೋಧಿಸಿದರು. ತಿಳಿದವರು ಅಪಾಯ ಒಪ್ಪಿಕೊಂಡು ಹಾಕಿಕೊಳ್ಳಲು ಬೇರೆ ದಾರಿ ಬಿಡುತ್ತೇವೆ ಎಂದು ಗೂಗಲ್ ಆಮೇಲೆ ಹೇಳಿತು. ವಂಚನೆ ತಡೆಯೋ ಉದ್ದೇಶ ನನಗೂ ಅರ್ಥ ಆಗುತ್ತೆ. ಆದರೆ ಸ್ಟೋರ್ ಬಿಟ್ಟು ಬಂದವನು ಮತ್ತೆ ಅದೇ ಬಾಗಿಲಲ್ಲಿ ಹೆಸರು ಬರೆಸಬೇಕು ಅನ್ನೋದು ಸ್ವಲ್ಪ ವಿಚಿತ್ರ ಅಲ್ವಾ.

ಬೇರೆ ಸ್ಟೋರ್‌ಗಳು? ಫೋನ್‌ಪೇಯವರ ಇಂಡಸ್ ಆ್ಯಪ್‌ಸ್ಟೋರ್ 2024ರ ಫೆಬ್ರವರಿಯಲ್ಲಿ ಬಂತು, ಕನ್ನಡದಲ್ಲೂ ಇದೆ, ಸಂತೋಷ. ನನ್ನ ಮುನೀಮರ ಫೋನ್‌ಗಳಲ್ಲಿ ಅದಿಲ್ಲ, ಹಾಗಾಗಿ ನಾನು ಹಾಕಲಿಲ್ಲ. ಎಫ್-ಡ್ರಾಯ್ಡ್‌ನಲ್ಲಿ ಕೋಡ್ ಎಲ್ಲರಿಗೂ ತೆರೆದಿಡಬೇಕು. ನಾನು ಅದಕ್ಕೆ ತಯಾರಿಲ್ಲ.

ವೆಬ್‌ಗೆ ಬರೋಣ. ಡೊಮೇನು, ಒಂದು ಅಗ್ಗದ ಸರ್ವರ್, ಎರಡೂ ಸೇರಿ ವರ್ಷಕ್ಕೆ ಕೆಲವೇ ಸಾವಿರ. ಹಮಾಲಿ ಲೆಕ್ಕ ಮತ್ತೊಂದು ಸಲ ಬದಲಾದಾಗ ಊಟಕ್ಕೆ ಮೊದಲು ತಿದ್ದಿದೆ, ಮಧ್ಯಾಹ್ನ ಬೀಟಿಗೆ (ಹರಾಜಿಗೆ) ಎಲ್ಲರ ಫೋನಿನಲ್ಲೂ ಹೊಸ ಲೆಕ್ಕ. ಚಂದಾ ಪುಟದಲ್ಲಿ ಕ್ಯೂಆರ್ ದೊಡ್ಡದಾಗಿ ಕೂತಿದೆ. ಯಾರೂ ಕೇಳಲ್ಲ. ನೆಟ್ ಹೋದರೂ ಪಟ್ಟಿ ಬರೆಯಬಹುದು, ಸಿಕ್ಕಾಗ ಸರ್ವರ್‌ಗೆ ಹೋಗುತ್ತೆ. ಇದು ಮುಖ್ಯ, ಯಾಕಂದರೆ ಗುಡ್ ಮಾರ್ನಿಂಗ್ ಫೋಟೋಗಳಿಂದ ಫೋನ್ ತುಂಬಿತು ಅಂತ ಮುನೀಮರೊಬ್ಬರು ಬ್ರೌಸರ್ ಡೇಟಾ ಎಲ್ಲ ಒರೆಸಿಬಿಟ್ಟಿದ್ದರು. ಸರ್ವರ್‌ನಲ್ಲಿ ಪ್ರತಿ ಇಲ್ಲದಿದ್ದರೆ ಅವತ್ತಿನ ವ್ಯವಹಾರ ಪೂರ್ತಿ ಹೋಗಿರುತ್ತಿತ್ತು.

ತೊಡಕು ಇಲ್ಲೂ ಇದೆ. ಹುಡುಕಿದರೆ ಯಾರಿಗೂ ಸಿಗಲ್ಲ. 'ಸ್ಟೋರ್‌ನ್ಯಾಗ ಇಲ್ಲೇನು? ಹಂಗಾದ್ರ ಡೂಪ್ಲಿಕೇಟ್ ಏನು?' ಅಂತ ಹೊಸ ಗಿರಾಕಿಗಳು ಕೇಳೇ ಕೇಳ್ತಾರೆ. ಇನ್ನೊಂದು ಮಾತು, ವೆಬ್ ಅಂದರೆ ದೊಡ್ಡವರ ಕೈಯಿಂದ ಪೂರ್ತಿ ಬಿಡುಗಡೆ ಅಂತಲೂ ಅಲ್ಲ. 2024ರ ಫೆಬ್ರವರಿಯಲ್ಲಿ ಆಪಲ್, ಯುರೋಪಿನ ಐಫೋನ್‌ಗಳಲ್ಲಿ ಹೋಮ್ ಸ್ಕ್ರೀನ್ ವೆಬ್ ಆ್ಯಪ್‌ಗಳನ್ನೇ ನಿಲ್ಲಿಸ್ತೀವಿ ಅಂದಿತ್ತು. ಗಲಾಟೆ ಆದ ಮೇಲೆ ಮಾರ್ಚ್ 1ಕ್ಕೆ ಹಿಂದೆ ಸರಿಯಿತು. ನನ್ನ ಗಿರಾಕಿಗಳಲ್ಲಿ ಐಫೋನ್ ಇರೋರು ಸಾವುಕಾರರ ಮಕ್ಕಳು ಮಾತ್ರ, ಅವರು ಪಟ್ಟಿ ಬರೆಯಲ್ಲ. ಹಾಗಾಗಿ ನನಗೆ ನಿದ್ದೆಗೆಡೋ ವಿಷಯ ಅಲ್ಲ.

ನನಗೆ ವೆಬ್ ಹೊಂದಿದ್ದು ನನ್ನ ವ್ಯಾಪಾರದ ರೀತಿಯಿಂದ. ಗಿರಾಕಿಗಳೆಲ್ಲ ಗಂಜ್‌ನಲ್ಲೇ ಇದ್ದಾರೆ. ಸಂಜೆ ಹೇಗೂ ಆ ಕಡೆ ಹೋಗ್ತೀನಿ, ಚಹಾ ಕುಡೀತಾ ಅವರ ಫೋನಿನಲ್ಲಿ ಐಕಾನ್ ನಾನೇ ಇಟ್ಟು ಬರ್ತೀನಿ. ಡೂಪ್ಲಿಕೇಟಾ ಅಂತ ಕೇಳಿದವರಿಗೆ ಎದುರಿಗೆ ಕೂತ ನಾನೇ ಉತ್ತರ. ನೀವು ಮಾಡಿದ್ದು ಮಕ್ಕಳ ಆಟವೋ, ಬೆಂಗಳೂರಿನಿಂದ ಬೀದರ್ ತನಕ ಮಾರೋ ಪಾಠದ ಆ್ಯಪೋ ಆದರೆ ಸ್ಟೋರ್ ಬಿಟ್ಟು ಗತಿಯಿಲ್ಲ, 15 ಕೊಟ್ಟು ಸುಮ್ಮನಿರಿ. ಹೋಗೋದಾದರೆ ಆ್ಯಪ್ ಒಳಗೆ ಹೊರಗಿನ ಪಾವತಿಯ ಸುದ್ದಿಯೇ ಬೇಡ, ಹಾಕೋ ಫೋಟೋಗಳ ಮೂಲೆ ಮೂಲೆಯನ್ನೂ ಎಳೆದು ದೊಡ್ಡದು ಮಾಡಿ ನೋಡಿ, ಮತ್ತೆ ಸುಗ್ಗಿಯಲ್ಲಿ ದೊಡ್ಡ ಬದಲಾವಣೆ ಕಳಿಸೋಕೆ ಹೋಗಬೇಡಿ. ಎಪಿಕೆ ನಾನು ಇನ್ನು ಮುಟ್ಟಲ್ಲ.

ವೆಬ್‌ಗೆ ಬರೋರು ಪ್ರಿಂಟರ್ ಮೊದಲು ಕೊಳ್ಳಬೇಡಿ. ಗಂಜ್‌ನಲ್ಲಿರೋ ಅಗ್ಗದ ಬ್ಲೂಟೂತ್ ಪ್ರಿಂಟರ್‌ಗಳು ಬ್ರೌಸರ್ ಜತೆ ನೇರವಾಗಿ ಮಾತಾಡಲಿಲ್ಲ. ಮಧ್ಯೆ ಒಂದು ಪ್ರಿಂಟ್ ಆ್ಯಪ್ ಇಡಬೇಕಾಯಿತು, ಅದು ಕನ್ನಡದ ಒತ್ತಕ್ಷರವನ್ನು ಪಕ್ಕಕ್ಕೆ ತಳ್ಳಿ ಅಚ್ಚು ಹಾಕುತ್ತಿತ್ತು. ಪಟ್ಟಿಯನ್ನು ಚಿತ್ರವಾಗಿ ಮಾಡಿ ಕಳಿಸಿದ ಮೇಲೆ ಸರಿಹೋಯಿತು. ಅಂಗಡಿಯಲ್ಲಿ ದುಡ್ಡು ಕೊಡೋ ಮೊದಲು ನಿಮ್ಮ ಫೋನಿನ ಬ್ರೌಸರ್‌ನಿಂದಲೇ ಒಂದು ಚೀಟಿ ತೆಗೆಸಿ, ಅದರಲ್ಲಿ 'ಕ್ವಿಂಟಲ್' ಅಂತ ಸರಿಯಾಗಿ ಬಂದಿದೆಯಾ ನೋಡಿ ತಗೊಳ್ಳಿ.