ಗುಂಡು ಹಾರಿಸಿದವನು ಲೆಕ್ಕ ಒಪ್ಪಿಸಬೇಕಾದ ಸರ್ವರ್

ಜಿಟಿಎ 5 ಎಂಬ ವಿಡಿಯೋ ಗೇಮ್‌ನ ನಗರವನ್ನು ಇಟ್ಟುಕೊಂಡು, ಸ್ವಂತ ಸರ್ವರ್ ನಡೆಸಲು ಬಿಡುವ ಫೈವ್‌ಎಂ ತಂತ್ರಾಂಶದ ಮೂಲಕ ನಡೆಯುವ ರೋಲ್‌ಪ್ಲೇ ಸರ್ವರ್‌ಗಳಲ್ಲಿ, ಅಂದರೆ ಆಟಗಾರರು ಒಂದೊಂದು ಪಾತ್ರವಾಗಿ ಬದುಕುವ ಆನ್‌ಲೈನ್ ಲೋಕಗಳಲ್ಲಿ, ಹೊಡೆದಾಟಕ್ಕೆ ಬರವಿಲ್ಲ. ಹೊಡೆದವನ ಗತಿ ಆಮೇಲೆ ಏನಾಗುತ್ತದೆ ಎಂಬುದರ ಮೇಲೆ ಸರ್ವರ್‌ನ ಯೋಗ್ಯತೆ ಗೊತ್ತಾಗುತ್ತದೆ. ಅರ್ಜಿ ಹಾಕಿ ಒಪ್ಪಿಗೆ ಪಡೆದವರಿಗಷ್ಟೇ ಪ್ರವೇಶವಿರುವ ಈ ಸರ್ವರ್‌ನಲ್ಲಿ ನಾನು ವರ್ಷಗಳಿಂದ ಉಳಿದಿರುವುದು ಅದೇ ಕಾರಣಕ್ಕೆ.

ಕಾರಣವಿಲ್ಲದೆ ಕೊಲ್ಲಬಾರದು (ಇಂಥ ಕೊಲೆಗೆ ಆರ್‌ಡಿಎಂ, ಅಂದರೆ ರ್‍ಯಾಂಡಮ್ ಡೆತ್‌ಮ್ಯಾಚ್ ಎನ್ನುತ್ತಾರೆ), ತಲೆಗೆ ಬಂದೂಕು ಹಿಡಿದಾಗ ಪಾತ್ರ ಹೆದರಲೇಬೇಕು ಎಂಬ ನಿಯಮಗಳು ಹೆಚ್ಚಿನ ಕಡೆ ಇವೆ. ಕಾರಣವಿದ್ದ ಹಿಂಸೆಗೂ ಇಲ್ಲಿ ಬೆಲೆ ತೆರಬೇಕು. ನನ್ನ ಪಾತ್ರ ಸಾಲ ವಸೂಲಿಗಾರ. ಬಾಕಿ ಕೊಡದ ಗ್ಯಾರೇಜ್ ಮಾಲೀಕನ ಕಾಲಿಗೆ ಒಮ್ಮೆ ಗುಂಡು ಹಾರಿಸಿದ. ಎದುರಿನ ಆಟಗಾರರು ಥಟ್ಟನೆ ಎದ್ದು ಓಡಲಿಲ್ಲ. ಪಾತ್ರದ ಸ್ಥಿತಿಯನ್ನು ಬರೆದು ತಿಳಿಸುವ ‘ಡೂ’ ಆಜ್ಞೆ ಕೊಟ್ಟು, “ಮಂಡಿಚಿಪ್ಪು ಒಡೆದಿದೆ, ಎಡಗಾಲು ಊರಲಾಗುತ್ತಿಲ್ಲ” ಎಂದು ಬರೆದರು. ಆಂಬುಲೆನ್ಸ್ ಸಿಬ್ಬಂದಿಯ ಪಾತ್ರದವರು ಗಾಯದ ವಿವರ ದಾಖಲಿಸಿದರು. ಪೊಲೀಸ್ ಪಾತ್ರದವರು ನೆಲದ ಮೇಲಿದ್ದ ಖಾಲಿ ತೋಟಾದಿಂದ ಬಂದೂಕಿನ ಕ್ರಮಸಂಖ್ಯೆ ಪತ್ತೆ ಮಾಡಿ, ಕೆಲವು ದಿನಗಳಲ್ಲಿ ನನ್ನ ಪಾತ್ರದ ಬಾಗಿಲು ತಟ್ಟಿದರು. ವಕೀಲರು, ನ್ಯಾಯಾಧೀಶರು ಎಲ್ಲರೂ ಆಟಗಾರರೇ. ಜೈಲಾಯಿತು, ಪರವಾನಗಿ ರದ್ದಾಯಿತು. ಆ ಮಾಲೀಕ ಇಂದಿಗೂ ಕುಂಟುತ್ತಾನೆ, ನನ್ನ ಪಾತ್ರವನ್ನು ಕಂಡರೆ ಶಟರ್ ಎಳೆಯುತ್ತಾನೆ.

ಹೀಗೆ ನೋವನ್ನೂ ಭಯವನ್ನೂ ಶ್ರದ್ಧೆಯಿಂದ ಆಡುವವರ ಎದುರು ಶಿಕ್ಷೆಯನ್ನು ತಕರಾರಿಲ್ಲದೆ ಆಡುವುದು ಹೊಡೆದವನ ಕರ್ತವ್ಯ. ಜೈಲು ಬಾಗಿಲು ಮುಚ್ಚಿದೊಡನೆ ಲಾಗ್‌ಔಟ್ ಆಗಿ ಹೊಸ ಪಾತ್ರದಲ್ಲಿ ಮರಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಇಲ್ಲಿನ ನಿರ್ವಾಹಕರು ಅದಕ್ಕೆ ಅವಕಾಶ ಕೊಡುವುದಿಲ್ಲ. ಹಳೆಯ ಪಾತ್ರದ ಶಿಕ್ಷೆ ಮುಗಿಯುವವರೆಗೆ ಹೊಸದನ್ನು ತೆರೆಯುವಂತಿಲ್ಲ. ಚಿತ್ರಹಿಂಸೆಯ ದೃಶ್ಯಕ್ಕೆ ಮೊದಲು ಎದುರಿನವರ ಒಪ್ಪಿಗೆ ಕೇಳಬೇಕು, ಲೈಂಗಿಕ ಹಿಂಸೆಗಂತೂ ಪೂರ್ತಿ ನಿಷೇಧ. ಎರಡೂ ಸರಿಯಾದ ನಿಯಮಗಳು.

ನನ್ನ ದೊಡ್ಡ ಆಕ್ಷೇಪ ‘ಹೊಸ ಜೀವ’ ನಿಯಮದ ಬಗ್ಗೆ. ಸತ್ತ ಪಾತ್ರ ಆಸ್ಪತ್ರೆಯಲ್ಲಿ ಮತ್ತೆ ಎದ್ದಾಗ ಸಾವಿಗೆ ಕಾರಣವಾದ ಘಟನೆ ಅದಕ್ಕೆ ನೆನಪಿರಬಾರದು. ಕೊಂದವನನ್ನು ಹುಡುಕಿಕೊಂಡು ಹೋಗಿ ಸೇಡು ತೀರಿಸಿಕೊಳ್ಳುವ ಸರಣಿಯನ್ನು ತಡೆಯಲು ಅದು ಬೇಕು, ಒಪ್ಪುತ್ತೇನೆ. ಆದರೆ ಪರಿಣಾಮ ನೋಡಿ: ಕಾಲಿಗೆ ಹೊಡೆದವನ ವಿರುದ್ಧ ಸಾಕ್ಷಿ ಹೇಳಲು ಗಾಯಾಳು ಇರುತ್ತಾನೆ, ಎದೆಗೆ ಹೊಡೆದವನ ವಿರುದ್ಧ ಯಾರೂ ಇರುವುದಿಲ್ಲ. ಗಾಯಗೊಳಿಸುವುದಕ್ಕಿಂತ ಕೊಲ್ಲುವುದೇ ಲಾಭ ಎಂದು ಗ್ಯಾಂಗ್‌ಗಳು ಬೇಗನೆ ಕಲಿತುಬಿಟ್ಟಿವೆ. ಸಾಕ್ಷಿಯಿಲ್ಲದಿದ್ದರೂ ತೋಟಾ, ರಕ್ತದ ಕಲೆ ಸಿಕ್ಕರೆ ಮೊಕದ್ದಮೆ ಗಟ್ಟಿಯಾಗಿ ನಿಲ್ಲುತ್ತದೆ. ಆದರೆ ಪೊಲೀಸ್ ಪಾತ್ರದವರು ಕಡಿಮೆಯಿರುವ ಹೊತ್ತಿನಲ್ಲಿ ಅವನ್ನು ಹುಡುಕುವವರೇ ಇರುವುದಿಲ್ಲ.

ಯೋಜಿಸಿ ಕೊಲ್ಲುವವನ ಪಾತ್ರವೂ ಶಾಶ್ವತವಾಗಿ ಸಾಯುವ ಅಪಾಯ ಹೊರಬೇಕೆಂದು ನಿರ್ವಾಹಕರಿಗೆ ಬರೆದಿದ್ದೇನೆ. ಅವರು ಇನ್ನೂ ಒಪ್ಪಿಲ್ಲ. ಐದರಲ್ಲಿ ನಾಲ್ಕು ನಕ್ಷತ್ರ ಕೊಡುತ್ತಿದ್ದೇನೆ. ಐದನೆಯದನ್ನು ತಡೆಹಿಡಿದಿರುವುದು ಇದೊಂದಕ್ಕಾಗಿ.